ಬಳಕೆದಾರರ ಮಾಹಿತಿ ಆ್ಯಪ್‌ಗಿಂತ ಹೆಚ್ಚು ಕಾಲ ಉಳಿಯಲು

ಒಬ್ಬರೇ ಕಟ್ಟಿ ನಡೆಸುವ ಆ್ಯಪ್ ಎಂದಾದರೂ ನಿಂತುಹೋಗಬಹುದು. ಆದ್ದರಿಂದ ಬಳಕೆದಾರರು ತಾವು ಬರೆದದ್ದನ್ನೆಲ್ಲ ಹೊರತೆಗೆದುಕೊಳ್ಳುವ ದಾರಿಯನ್ನು ಮೊದಲ ಆವೃತ್ತಿಯಲ್ಲೇ ಇಡಬೇಕು. ಅದಕ್ಕೆ ಹಣ ಕೇಳುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಸಂಗ್ರಹಕ್ಕೆ 2000ದಲ್ಲಿ ಬಿಡುಗಡೆಯಾದ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ (ಡೇಟಾಬೇಸ್) ತಂತ್ರಾಂಶ ಸಾಕು: ಎಲ್ಲ ಮಾಹಿತಿಯೂ ಒಂದೇ ಕಡತದಲ್ಲಿರುತ್ತದೆ, ಅದರ ರಚನೆಯ ವಿವರವೂ ಮುಕ್ತವಾಗಿದೆ. ಹೊರತೆಗೆಯುವಾಗ ಪಟ್ಟಿಯಂಥ ಮಾಹಿತಿಗೆ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾಲುಗಳ ಪಠ್ಯ ಕಡತ), ಒಂದರೊಳಗೊಂದು ಅಡಕವಾದುದಕ್ಕೆ ಜೇಸನ್ (ಹೆಸರು-ಮೌಲ್ಯಗಳ ಜೋಡಿಯಾಗಿ ಬರೆಯುವ ಪಠ್ಯ ರೂಪ) ಆರಿಸಿ. ಅಕ್ಷರಗಳು ಕನ್ನಡವೂ ಸೇರಿದಂತೆ ಹಲವು ಲಿಪಿಗಳನ್ನು ಉಳಿಸಬಲ್ಲ ಯುಟಿಎಫ್-8 ಸಂಕೇತ ಪದ್ಧತಿಯಲ್ಲೇ ಇರಲಿ. ದಿನಾಂಕದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು: 03/04 ಎಂಬುದನ್ನು ಒಬ್ಬರು ಏಪ್ರಿಲ್ 3 ಎಂದೂ ಇನ್ನೊಬ್ಬರು ಮಾರ್ಚ್ 4 ಎಂದೂ ಓದುವುದರಿಂದ, ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601ರಂತೆ 2024-04-03 ಎಂದು ವರ್ಷದಿಂದ ಆರಂಭಿಸಿ ಬರೆಯಬೇಕು. ಹೀಗೆ ಸಿದ್ಧವಾದ ಕಡತವನ್ನು ಖಾಲಿ ಆ್ಯಪ್‌ಗೆ ಮರಳಿ ತುಂಬಿಸಿ, ಒಂದು ಟಿಪ್ಪಣಿಯೂ ಬಿಟ್ಟುಹೋಗಿಲ್ಲವೆಂದು ಪ್ರತಿ ಬಿಡುಗಡೆಗೂ ಮುನ್ನ ಪರೀಕ್ಷಿಸಿ.