ದುಬಾರಿ ಮದರ್‌ಬೋರ್ಡ್ ಕೊಳ್ಳುವ ಮುನ್ನ ಅದರ ವಿನ್ಯಾಸವನ್ನು ಓದುವ ಕ್ರಮ

ಉತ್ಸಾಹಿಗಳಿಗೆಂದೇ ತಯಾರಾಗುವ ಮದರ್‌ಬೋರ್ಡಿನ (ಕಂಪ್ಯೂಟರಿನ ಭಾಗಗಳೆಲ್ಲ ಕೂಡುವ ಮುಖ್ಯ ಫಲಕ) ಪೆಟ್ಟಿಗೆಯ ಮೇಲೆ ಅಚ್ಚಾದ ಸೌಲಭ್ಯಗಳೆಲ್ಲ ನಿಜವೇ ಆಗಿದ್ದರೂ, ಅವೆಲ್ಲ ಏಕಕಾಲಕ್ಕೆ ಪೂರ್ಣ ವೇಗದಲ್ಲಿ ಕೆಲಸ ಮಾಡುತ್ತವೆಯೇ ಎಂಬುದನ್ನು ಪೆಟ್ಟಿಗೆ ತಿಳಿಸುವುದಿಲ್ಲ. ಅದು ತಿಳಿಯುವುದು ತಯಾರಕರ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಕೈಪಿಡಿಯಿಂದ. ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ಮೊದಲೇ ಅದನ್ನು ಇಳಿಸಿಕೊಂಡು, ಬ್ಲಾಕ್ ಡಯಾಗ್ರಾಮ್ (ಯಾವ ಭಾಗ ಯಾವುದಕ್ಕೆ ಸೇರುತ್ತದೆ ಎಂಬ ನಕ್ಷೆ) ಇದ್ದರೆ ಅದನ್ನೂ, ಇಲ್ಲದಿದ್ದರೆ ಸ್ಲಾಟ್‌ಗಳ ವಿವರಣೆಯ ಕೆಳಗಿನ ಸಣ್ಣಕ್ಷರದ ಟಿಪ್ಪಣಿಗಳನ್ನೂ ಓದಬೇಕು.

ಪ್ರೊಸೆಸರ್ ತಯಾರಿಸುವ ಎಎಂಡಿ 2022ರಲ್ಲಿ ತಂದ ಎಎಂ5 ಸಾಕೆಟ್ಟನ್ನೇ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಉದಾಹರಣೆಯಾಗಿ ತೆಗೆದುಕೊಳ್ಳೋಣ. ರೈಜನ್ 7000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್ ಒಟ್ಟು 28 ಪಿಸಿಐಇ ಲೇನ್‌ಗಳನ್ನು (ದತ್ತಾಂಶ ಸಾಗುವ ದಾರಿಗಳು) ಕೊಡುತ್ತದೆ: ಗ್ರಾಫಿಕ್ಸ್ ಕಾರ್ಡಿಗೆ 16, ಎಂ.2 ಡ್ರೈವ್‌ಗೆ (ಬೋರ್ಡಿನ ಮೇಲೆಯೇ ಕೂರುವ ತೆಳು ಎಸ್‌ಎಸ್‌ಡಿ) 4, ಬೋರ್ಡಿನ ತಯಾರಕರು ತಮಗೆ ಬೇಕಾದಂತೆ ಬಳಸಲು 4, ಉಳಿದ ಪೋರ್ಟ್‌ಗಳನ್ನು ನಿರ್ವಹಿಸುವ ಚಿಪ್‌ಸೆಟ್‌ನ ಸಂಪರ್ಕಕ್ಕೆ 4. ಎಕ್ಸ್670ಇ ಚಿಪ್‌ಸೆಟ್‌ನ ಬೋರ್ಡಿನಲ್ಲಿ ಎರಡು ಚಿಪ್‌ಗಳು ಒಂದರ ಹಿಂದೆ ಒಂದು ಜೋಡಣೆಯಾಗಿರುವುದರಿಂದ ಪೋರ್ಟ್‌ಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು, ಪ್ರೊಸೆಸರ್ ಕಡೆಗಿನ ದಾರಿ ಅಗಲವಾಗುವುದಿಲ್ಲ. ಅದು 4 ಲೇನ್‌ಗಳ ಪಿಸಿಐಇ 4.0 ಸಂಪರ್ಕವಾಗಿಯೇ ಉಳಿಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 8 ಗಿಗಾಬೈಟ್. ಒಂದೇ ಒಂದು ವೇಗದ ಎನ್‌ವಿಎಂಇ ಡ್ರೈವ್ (ಪಿಸಿಐಇ ಬಳಸುವ ಎಸ್‌ಎಸ್‌ಡಿ) ಇದನ್ನು ಬಹುಪಾಲು ತುಂಬಬಲ್ಲದು. ಹಾಗಾಗಿ ಎಂ.2 ಸ್ಲಾಟ್‌ಗಳು ಎಷ್ಟಿವೆ ಎಂಬುದಕ್ಕಿಂತ, ಯಾವುದು ನೇರವಾಗಿ ಪ್ರೊಸೆಸರ್‌ಗೆ ಸೇರುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಹಂಚಿಕೆಯ ಷರತ್ತುಗಳನ್ನು ಇದೇ ಹಂತದಲ್ಲಿ ಹುಡುಕಿರಿ. ಕೆಲವು ಬೋರ್ಡ್‌ಗಳಲ್ಲಿ ಒಂದು ನಿರ್ದಿಷ್ಟ ಎಂ.2 ಸ್ಲಾಟ್ ತುಂಬಿದೊಡನೆ ಗ್ರಾಫಿಕ್ಸ್ ಸ್ಲಾಟ್ 16ರಿಂದ 8 ಲೇನ್‌ಗೆ ಇಳಿಯುತ್ತದೆ. ಯುಎಸ್‌ಬಿ4 ಎಂಬ ವೇಗದ ಪೋರ್ಟ್ ಇರುವ, ಎಕ್ಸ್870 ಚಿಪ್‌ಸೆಟ್‌ನ ಕೆಲವು ಬೋರ್ಡ್‌ಗಳಲ್ಲಿ ಎರಡನೆಯ ಎಂ.2 ಮತ್ತು ಯುಎಸ್‌ಬಿ4 ಒಂದೇ ಲೇನ್‌ಗಳನ್ನು ಹಂಚಿಕೊಳ್ಳುತ್ತವೆ. ಇಂಥ ಷರತ್ತನ್ನು ಸ್ಪಷ್ಟವಾಗಿ ಬರೆಯುವ ತಯಾರಕರನ್ನು ನಾನು ಹೆಚ್ಚು ನಂಬುತ್ತೇನೆ.

ಮುಂದಿನದು ವಿಆರ್‌ಎಂ, ಅಂದರೆ ಪ್ರೊಸೆಸರ್‌ಗೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಭಾಗ. 170 ವ್ಯಾಟ್ ದರ್ಜೆಯ ಎಎಂ5 ಪ್ರೊಸೆಸರ್ ಸಾಕೆಟ್ಟಿನಿಂದ ಎಳೆಯಬಹುದಾದ ವಿದ್ಯುತ್ತಿನ ಮೂಲ ಮಿತಿ 230 ವ್ಯಾಟ್, ನಿರಂತರ ಪ್ರವಾಹದ ಮಿತಿ 160 ಆಂಪಿಯರ್. ತಲಾ 80 ಆಂಪಿಯರಿನ ಹನ್ನೆರಡು ಪವರ್ ಸ್ಟೇಜ್‌ಗಳೇ (ವಿಆರ್‌ಎಂನಲ್ಲಿ ವಿದ್ಯುತ್ತಿನ ಹೊರೆಯನ್ನು ಹಂಚಿಕೊಳ್ಳುವ ಘಟಕಗಳು) ಇದಕ್ಕೆ ಧಾರಾಳವಾಗಿ ಸಾಕು. ಅದಕ್ಕಿಂತ ದೊಡ್ಡ ಸಂಖ್ಯೆಗೆ ಹೆಚ್ಚು ಹಣ ತೆರುವುದನ್ನು ನಾನು ಸಮರ್ಥಿಸುವುದಿಲ್ಲ. ಶಾಖ ಹೀರುವ ಲೋಹವನ್ನು ಮಾತ್ರ ಎಚ್ಚರಿಕೆಯಿಂದ ನೋಡಿರಿ. ಅದು ಗಾಳಿಗೆ ತೆರೆದ ಪದರಗಳುಳ್ಳ ಗಟ್ಟಿ ಲೋಹವೋ, ಪ್ಲಾಸ್ಟಿಕ್ ಹೊದಿಕೆಯಡಿಯ ತೆಳು ತುಂಡೋ ಎಂಬುದು ಚಿತ್ರಗಳಲ್ಲಿ ಗೊತ್ತಾಗುತ್ತದೆ. ವಿಮರ್ಶಕರು ತಂಪಾದ ಕೋಣೆಯಲ್ಲಿ ಅಳೆದ ವಿಆರ್‌ಎಂ ಉಷ್ಣಾಂಶವನ್ನು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಮನೆಗಳಿಗೆ ಹಾಗೆಯೇ ಅನ್ವಯಿಸಲಾಗದು.

ಬಳಿಕ ಅಳತೆಪಟ್ಟಿ ಹಿಡಿಯಿರಿ. ಎಟಿಎಕ್ಸ್ ಬೋರ್ಡಿನ ಅಳತೆ 305 x 244 ಮಿಲಿಮೀಟರ್. ಇದಕ್ಕಿಂತ ಅಗಲವಾದ ಬೋರ್ಡ್ ಕ್ಯಾಬಿನೆಟ್ಟಿನ ಕೇಬಲ್ ರಂಧ್ರಗಳನ್ನು ಮುಚ್ಚಬಹುದು. ವಿಸ್ತರಣಾ ಸ್ಲಾಟ್‌ಗಳ ನಡುವಿನ ಅಂತರ 20.32 ಮಿಲಿಮೀಟರ್ ಆಗಿರುವುದರಿಂದ, 70 ಮಿಲಿಮೀಟರ್ ದಪ್ಪದ ಗ್ರಾಫಿಕ್ಸ್ ಕಾರ್ಡ್ ತನ್ನ ಕೆಳಗಿನ ಮೂರು ಸ್ಥಾನಗಳನ್ನು ಆಕ್ರಮಿಸಿಕೊಳ್ಳುತ್ತದೆ. ವಿಡಿಯೊ ಸೆರೆಹಿಡಿಯುವ ಕ್ಯಾಪ್ಚರ್ ಕಾರ್ಡ್ ಅಥವಾ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಹಾಕುವ ಯೋಚನೆಯಿದ್ದರೆ, ಬೋರ್ಡಿನ ಚಿತ್ರದ ಮೇಲೆ ಈ ದಪ್ಪವನ್ನು ಗುರುತಿಸಿ, ಯಾವ ಸ್ಲಾಟ್ ಬಳಕೆಗೆ ಉಳಿಯುತ್ತದೆ ಎಂದು ನೋಡಿರಿ. ಕಾರ್ಡಿನ ಅಡಿಯಲ್ಲೇ ಬರುವ ಎಂ.2 ಸ್ಲಾಟ್ ಬಿಸಿಗಾಳಿಗೆ ಸಿಲುಕುತ್ತದೆ. ಡ್ರೈವ್ ಬದಲಿಸಲು ಕಾರ್ಡನ್ನೇ ತೆಗೆಯಬೇಕಾದುದರಿಂದ, ಗುಂಡಿ ಒತ್ತಿ ಕಾರ್ಡ್ ಬಿಡಿಸುವ ವ್ಯವಸ್ಥೆ ಇಲ್ಲಿ ನಿಜವಾದ ಸೌಲಭ್ಯ.

ಮೆಮೊರಿಗೆ ನಾಲ್ಕು ಸ್ಲಾಟ್‌ಗಳಿದ್ದರೂ ಎರಡೇ ಡಿಡಿಆರ್5 ಮಾಡ್ಯೂಲ್‌ಗಳನ್ನು ಬಳಸುವುದು ಒಳಿತು. ರೈಜನ್ 7000ಕ್ಕೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಮಾಡ್ಯೂಲ್‌ಗಳಿಗೆ ಸೆಕೆಂಡಿಗೆ 5200 ಮೆಗಾಟ್ರಾನ್ಸ್‌ಫರ್, ನಾಲ್ಕಕ್ಕೆ ಕೇವಲ 3600. ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳನ್ನು ತುಂಬಬೇಕು.

ವೈಫೈ, ಆಡಿಯೊ ಚಿಪ್, ಬಣ್ಣದ ದೀಪಗಳ ಬಗ್ಗೆ ಹೆಚ್ಚು ಹೊತ್ತು ಚಿಂತಿಸಬೇಕಿಲ್ಲ. ದೋಷವನ್ನು ಎರಡಂಕಿಯ ಸಂಕೇತದಲ್ಲಿ ತೋರಿಸುವ ಪುಟ್ಟ ಪರದೆ ಮತ್ತು ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ನವೀಕರಿಸುವ ಗುಂಡಿ, ಇವೆರಡೂ ಇರಲೇಬೇಕೆಂದು ನಾನು ಒತ್ತಾಯಿಸುತ್ತೇನೆ: ಹಳೆಯ ಬಯಾಸ್ ಇರುವ ಬೋರ್ಡ್ ಹೊಸ ಪ್ರೊಸೆಸರನ್ನು ಗುರುತಿಸದೆ ಹೋದಾಗ, ಇನ್ನೊಂದು ಪ್ರೊಸೆಸರನ್ನು ಎರವಲು ತರದೆ ಯಂತ್ರವನ್ನು ಚಾಲೂ ಮಾಡಲು ಉಳಿಯುವ ದಾರಿ ಆ ಗುಂಡಿಯೇ.