ಬೀರು ಖಾಲಿ ಮಾಡುವುದರಿಂದ ಉಳಿಯುವ ಹಣ

ಬಟ್ಟೆಯ ಖರ್ಚನ್ನು ಇಳಿಸಬೇಕೆಂದುಕೊಂಡವರು ಸಾಮಾನ್ಯವಾಗಿ ರಿಯಾಯಿತಿ ಮಾರಾಟದ ದಾರಿ ಕಾಯುತ್ತಾರೆ. ಆದರೆ ಹಣ ಸೋರುವುದು ಅನೇಕ ವೇಳೆ ಬೀರುವಿನೊಳಗೇ. ಕಣ್ಣಿಗೆ ಬೀಳದ ಬಟ್ಟೆ ಇದ್ದೂ ಇಲ್ಲದಂತೆ. ಹಾಗಾಗಿ ಇರುವುದನ್ನೇ ಮತ್ತೆ ಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನನ್ನ ಬೀರುವನ್ನು ಪೂರ್ತಿ ಬರಿದು ಮಾಡಿದಾಗ ಹೆಚ್ಚುಕಡಿಮೆ ಒಂದೇ ತೆರನಾದ ನಾಲ್ಕು ಕಡುನೀಲಿ ಅಂಗಿಗಳು ಹೊರಬಂದವು, ಒಂದರ ಕಂಕುಳಲ್ಲಿ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

ಮೊದಲು ಎಲ್ಲವನ್ನೂ ಹೊರಗೆ ತೆಗೆಯಿರಿ. ಒಗೆಯಲು ಹಾಕಿದ್ದು, ಸೂಟ್‌ಕೇಸಿನಲ್ಲಿ ಉಳಿದದ್ದು, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದು ಕೂಡ ಲೆಕ್ಕಕ್ಕೆ ಬರಬೇಕು. ಅಂಗಿಗಳೆಲ್ಲ ಒಂದೆಡೆ, ಪ್ಯಾಂಟುಗಳೆಲ್ಲ ಒಂದೆಡೆ ಎಂದು ಬಗೆಬಗೆಯಾಗಿ ರಾಶಿ ಮಾಡಿ, ಪ್ರತಿ ರಾಶಿಯನ್ನೂ ಎಣಿಸಿ ಕಾಗದದ ಮೇಲೆ ಬರೆಯಿರಿ. ಈ ಪಟ್ಟಿಯೇ ಮುಂದಿನ ಖರೀದಿಗೆ ಕಡಿವಾಣ ಹಾಕುವುದರಿಂದ ಇದನ್ನು ಬಿಡಬೇಡಿ.

ಅನುಮಾನವಿರುವ ಬಟ್ಟೆಯನ್ನು ಕೈಯಲ್ಲಿ ಹಿಡಿದು ಯೋಚಿಸುವುದಕ್ಕಿಂತ ತೊಟ್ಟು ನೋಡುವುದು ಮೇಲು. ಕುಳಿತು, ಕೈಯೆತ್ತಿ ನೋಡಿದರೆ ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ‘ಇಷ್ಟು ದುಡ್ಡು ಕೊಟ್ಟಿದ್ದೇನಲ್ಲ’ ಎಂಬ ಕಾರಣಕ್ಕೆ ಯಾವುದನ್ನೂ ಉಳಿಸಿಕೊಳ್ಳಬೇಡಿ, ಏಕೆಂದರೆ ಆ ದುಡ್ಡು ಕೊಂಡ ದಿನವೇ ಹೋಗಿದೆ. ಬೆಲೆಯನ್ನು ತೊಟ್ಟ ಸಲಗಳಿಂದ ಭಾಗಿಸಿ ನೋಡುವ ಲೆಕ್ಕ ಇಲ್ಲಿ ಕಣ್ಣು ತೆರೆಸುತ್ತದೆ: ಮೂರು ಪಟ್ಟು ಬೆಲೆ ಕೊಟ್ಟು ತಂದ ಅಂಗಿಯನ್ನು 100 ಸಲ ತೊಟ್ಟು, ಅಗ್ಗದ್ದನ್ನು 10 ಸಲಕ್ಕೇ ಮೂಲೆಗೆ ಎಸೆದಿದ್ದರೆ, ಪ್ರತಿ ಸಲದ ಲೆಕ್ಕದಲ್ಲಿ ಅಗ್ಗದ್ದೇ ಮೂರು ಪಟ್ಟಿಗಿಂತ ಹೆಚ್ಚು ದುಬಾರಿ.

ನಿಜವಾದ ಉಳಿತಾಯ ಅಡಗಿರುವುದು ರಿಪೇರಿಯ ರಾಶಿಯಲ್ಲಿ. ಗುಂಡಿ ಉದುರಿದ, ಅಂಚಿನ ಹೊಲಿಗೆ ಬಿಟ್ಟ, ಜಿಪ್ ಕೆಟ್ಟ ಬಟ್ಟೆಗಳನ್ನು ಮತ್ತೆ ಬೀರುವಿಗೆ ಸೇರಿಸದೆ, ಸೂಜಿದಾರದ ಜೊತೆಗೆ ಕಣ್ಣೆದುರಿನ ಚೀಲದಲ್ಲಿಡಿ. ಎರಡು ವಾರದಲ್ಲಿ ಕೈ ಹಾಕದಿದ್ದರೆ ದರ್ಜಿಗೆ ಕೊಡಿ, ಇಲ್ಲವೇ ಕೈಬಿಡಿ. ಒಮ್ಮೆ ತೊಟ್ಟ ಬಟ್ಟೆಯನ್ನು ತಿಂಗಳುಗಟ್ಟಲೆ ಎತ್ತಿಡುವ ಮುನ್ನ ಒಗೆದು ಚೆನ್ನಾಗಿ ಒಣಗಿಸಿ, ಏಕೆಂದರೆ ಬೆವರು ಮತ್ತು ಎಣ್ಣೆಯ ಕಲೆ ದಿನ ಕಳೆದಂತೆ ಹಳದಿಗಟ್ಟಿ ಬಿಡಿಸಲಾಗದಂತಾಗುತ್ತದೆ. ಉಣ್ಣೆ, ರೇಷ್ಮೆಗಳನ್ನು ಕೊರೆಯುವ ಹುಳುಗಳಿಗೂ ಬೆವರು ಹಿಡಿದ ಬಟ್ಟೆಯೇ ಹೆಚ್ಚು ಪ್ರಿಯ. ತೇವ ಉಳಿದರಂತೂ ಬೂಷ್ಟು ಖಂಡಿತ.

ಬೇಡವಾದದ್ದನ್ನು ಮಾರಿ ದೊಡ್ಡ ಮೊತ್ತ ಬರುತ್ತದೆಂದು ಎಣಿಸಬೇಡಿ. ಕಲೆಯಿಲ್ಲದ, ಸವೆಯದ ಕೆಲವನ್ನು ಮಾರಬಹುದು, ಉಳಿದದ್ದನ್ನು ತೊಡುವವರಿಗೆ ಕೊಡಬಹುದು. ಹರಿದ ಹತ್ತಿ ಬಟ್ಟೆ ನೀರು ಹೀರುವುದರಿಂದ ಒರೆಸಲು ಒದಗುತ್ತದೆ. ಪಾಲಿಯೆಸ್ಟರ್ ಅಷ್ಟಾಗಿ ಒದಗುವುದಿಲ್ಲ.

ಜೋಡಿಸಲೆಂದು ಡಬ್ಬಿ, ಬುಟ್ಟಿಗಳನ್ನು ಮೊದಲೇ ಕೊಳ್ಳುವುದು ಹೊಸ ಖರ್ಚಿಗೆ ಹೊಸ ನೆಪ. ಮನೆಯಲ್ಲಿರುವ ಶೂ ಡಬ್ಬಿಗಳೇ ಸಾಕು. ಹೆಣೆದ ಸ್ವೆಟರುಗಳನ್ನು ಹ್ಯಾಂಗರಿಗೆ ಹಾಕಿದರೆ ತಮ್ಮ ಭಾರಕ್ಕೇ ಜೋತು ಭುಜದ ಆಕಾರ ಕೆಡುವುದರಿಂದ ಅವನ್ನು ಮಡಿಚಿಡಿ. ಡ್ರಾಯರಿನಲ್ಲಿ ಬಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಕಪಾಟಿನ ಪುಸ್ತಕಗಳಂತೆ ನಿಲ್ಲಿಸಿದರೆ ಅಡಿಯದು ಮರೆಯಾಗುವುದಿಲ್ಲ.

ಕೊನೆಯಲ್ಲಿ ಹ್ಯಾಂಗರುಗಳನ್ನೆಲ್ಲ ಕೊಕ್ಕೆ ನಿಮ್ಮ ಕಡೆಗೆ ಬರುವಂತೆ ತಿರುವಿ ಹಾಕಿ, ತೊಟ್ಟು ಒಗೆದ ಬಟ್ಟೆಯನ್ನು ಮಾತ್ರ ಸರಿಯಾದ ದಿಕ್ಕಿನಲ್ಲಿ ತೂಗುಹಾಕುತ್ತ ಬನ್ನಿ. ಎಲ್ಲ ಋತುಗಳೂ ಒಂದು ಸುತ್ತು ಮುಗಿದ ಮೇಲೂ ತಿರುವಿದಂತೆಯೇ ಉಳಿದವನ್ನು ಕೆಳಗಿಳಿಸಿ. ಎಣಿಕೆಯ ಪಟ್ಟಿಯ ಫೋಟೋ ಫೋನಿನಲ್ಲಿರಲಿ; ಅಂಗಡಿಯಲ್ಲಿ ಐದನೆಯ ಕಡುನೀಲಿ ಅಂಗಿ ಕೈಗೆ ಬಂದಾಗ ಅದನ್ನೊಮ್ಮೆ ತೆರೆದು ನೋಡಿ.