ಕಹಿ ಪಾನೀಯ, ಏಲಕ್ಕಿ ಬನ್ನು, ನೀಲಿ ಹಾಲು: ಅಮ್ಮನೊಂದಿಗೆ ಎರಡು ದಿನ

2024ರ ಫೆಬ್ರವರಿಯಲ್ಲಿ ಅಮ್ಮ ಶಿರಸಿಯಿಂದ ಫ್ಲೋರಿಡಾದ ನಮ್ಮ ಮನೆಗೆ ಬಂದಿದ್ದಾಗ, ಓರ್ಲ್ಯಾಂಡೋ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನ ಎರಡು ಪಾರ್ಕುಗಳಲ್ಲಿ ನಾವಿಬ್ಬರೂ ಎರಡು ದಿನ ಕಳೆದೆವು. ಗಿರಗಿರನೆ ತಿರುಗುವ, ಮೇಲಿಂದ ಬೀಳುವ ಆಟಗಳು ಅಮ್ಮನ ಮೈಗೆ ಆಗುವುದಿಲ್ಲ. ಆದ್ದರಿಂದ ಬೇರೆಡೆ ಸಿಗದ ತಿಂಡಿ ಮತ್ತು ಪಾನೀಯಗಳ ರುಚಿ ನೋಡುವುದೇ ನಮ್ಮ ಮುಖ್ಯ ಕೆಲಸವಾಗಲಿ ಎಂದು ಮೊದಲೇ ನಿರ್ಧರಿಸಿಕೊಂಡಿದ್ದೆವು. ಅಮ್ಮ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ. ಹೀಗಿರುವಾಗ ಅಪರಿಚಿತ ಆಹಾರದ ಮುಂದೆ ನಿಂತು ಏನನ್ನು ಕೇಳಬೇಕು, ಯಾವುದನ್ನು ಬಿಡಬೇಕು, ಯಾವ ಕ್ರಮದಲ್ಲಿ ತಿನ್ನಬೇಕು ಎಂಬುದನ್ನು ಆ ಎರಡು ದಿನಗಳಲ್ಲಿ ನಾನು ಕಲಿತೆ.

ಕೇಳಿ ತಿಳಿಯದೆ ತಿನ್ನಬಾರದು ಎಂಬ ಪಾಠ ಅದಕ್ಕೂ ಮೊದಲೇ ಆಗಿತ್ತು. ಹಿಂದಿನ ವರ್ಷ ಬೇರೊಂದು ಊರಿನ ಪಾರ್ಕಿನಲ್ಲಿ ತರಕಾರಿ ಅನ್ನವೆಂದು ಕೊಂಡು ಅರ್ಧ ತಿಂದ ಮೇಲೆ, ಅದನ್ನು ಕೋಳಿಯನ್ನು ಬೇಯಿಸಿದ ನೀರಿನಲ್ಲಿ ಮಾಡಿದ್ದಾರೆಂದು ತಿಳಿದು ಬಹಳ ಬೇಸರಪಟ್ಟಿದ್ದೆ. ತರಕಾರಿ ಕಾಣಿಸಿದ ಮಾತ್ರಕ್ಕೆ ಅದು ಸಸ್ಯಾಹಾರವೆಂದು ತಿಳಿಯುವುದು ತಪ್ಪು. ಹಾಗಾಗಿ ಈ ಸಲ ಪ್ರತಿ ಅಂಗಡಿಯಲ್ಲೂ ನಾಲ್ಕು ಪ್ರಶ್ನೆ ಕೇಳಿದೆ: ಮೊಟ್ಟೆ ಇದೆಯೇ, ಜೆಲಾಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಅಂಟು) ಇದೆಯೇ, ಬೇಯಿಸಿದ ನೀರು ಯಾವುದು, ಕರಿದ ಎಣ್ಣೆಯಲ್ಲಿ ಮಾಂಸವನ್ನೂ ಕರಿಯುತ್ತಾರೆಯೇ. ಡಿಸ್ನಿ ಪಾರ್ಕಿನ ಬಹುತೇಕ ಕೌಂಟರುಗಳಲ್ಲಿ ಅಲರ್ಜಿ ಇರುವವರಿಗೆಂದು ಬೇರೆ ಪಟ್ಟಿ ಇಟ್ಟಿರುತ್ತಾರೆ. ಅದನ್ನು ಕೇಳಿ ಪಡೆದರೆ ಮೊಟ್ಟೆ ಮತ್ತು ಹಾಲಿನ ವಿಷಯವಾದರೂ ಬೇಗ ಇತ್ಯರ್ಥವಾಗುತ್ತದೆ. ಉಳಿದದ್ದನ್ನು ಬಾಯಿಬಿಟ್ಟೇ ಕೇಳಬೇಕು.

ಮೊದಲ ದಿನ ಎಪ್ಕಾಟ್. 1982ರ ಅಕ್ಟೋಬರ್ 1ರಂದು ತೆರೆದ ಈ ಪಾರ್ಕಿನ ಹಿಂಭಾಗದಲ್ಲಿ ದೊಡ್ಡ ಕೆರೆಯೊಂದರ ಸುತ್ತ ಹನ್ನೊಂದು ದೇಶಗಳ ಮಂಟಪಗಳು, ಅಂದರೆ ಆಯಾ ದೇಶದ ಶೈಲಿಯ ಕಟ್ಟಡ ಮತ್ತು ಅಂಗಡಿಗಳಿವೆ. ಸುತ್ತುದಾರಿ ಎರಡು ಕಿಲೋಮೀಟರಿಗೆ ತುಸು ಕಡಿಮೆ. ನಾವು ಹೋದಾಗ ಮುಂಭಾಗ ಬೆಳಿಗ್ಗೆಯೇ ತೆರೆದರೂ ದೇಶಗಳ ಭಾಗ ತೆರೆದದ್ದು 11 ಗಂಟೆಗೆ. ನಡುವಿನ ಹೊತ್ತಿನಲ್ಲಿ ಕ್ಲಬ್ ಕೂಲ್ ಎಂಬ ಕೊಠಡಿಗೆ ಹೋದೆವು. ಬೇರೆ ಬೇರೆ ದೇಶಗಳಲ್ಲಿ ಕೋಕಾ-ಕೋಲಾ ಕಂಪನಿ ಮಾರುವ ಪಾನೀಯಗಳನ್ನು ಇಲ್ಲಿ ಪುಟ್ಟ ಲೋಟಗಳಲ್ಲಿ ನಾವೇ ಹಿಡಿದುಕೊಂಡು ಕುಡಿಯಬಹುದು, ಹಣ ಕೊಡಬೇಕಾಗಿಲ್ಲ.

ಇಲ್ಲಿ ಹೆಸರುವಾಸಿಯಾದದ್ದು ಇಟಲಿಯ ಬೆವರ್ಲಿ. 1969ರಲ್ಲಿ ಅಲ್ಲಿ ಶುರುವಾದ ಈ ಕಹಿ ಪಾನೀಯದ ತಯಾರಿ ಇಟಲಿಯಲ್ಲಿ 2009ರಲ್ಲೇ ನಿಂತಿತು, ಆದರೂ ಈ ಪಾರ್ಕಿನಲ್ಲಿ ಉಳಿದುಕೊಂಡಿದೆ. ಬಣ್ಣವಿಲ್ಲ, ನೋಡಲು ಸೋಡಾದಂತೆ. ಬಾಯಿಗೆ ಹಾಕಿದೊಡನೆ ಸ್ವಲ್ಪ ಸಿಹಿ. ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಕಹಿ ಏಳುತ್ತದೆ, ಬೇಗ ಇಳಿಯುವುದಿಲ್ಲ. ಗೊತ್ತಿಲ್ಲದವರಿಗೆ ಕುಡಿಸಿ ಅವರ ಮುಖ ನೋಡಿ ನಗುವುದು ಅಲ್ಲಿ ಬಹುಕಾಲದ ವಾಡಿಕೆ. ನನಗೆ ಅದು ಸರಿ ಕಾಣಲಿಲ್ಲ, ಏಕೆಂದರೆ ಇದು ಊಟಕ್ಕೆ ಮೊದಲು ಹಸಿವು ಕೆರಳಿಸಲೆಂದು ಇಟಲಿಯವರು ಕುಡಿಯುವ ಕಹಿ ಪಾನೀಯಗಳ ಜಾತಿಗೆ ಸೇರಿದ್ದು, ಅದಕ್ಕೊಂದು ಉದ್ದೇಶವಿದೆ. ಅಮ್ಮನಿಗೆ ಏನೆಂದು ಮೊದಲೇ ಹೇಳಿಯೇ ಲೋಟ ಕೊಟ್ಟೆ. ಅವರು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇರಳೆಕಾಯಿಯ ಬಿಳಿ ತಿರುಳನ್ನು ಬಿಡಿಸದೆ ಗೊಜ್ಜು ಮಾಡಿದರೆ ಇದೇ ಕಹಿ ಬರುತ್ತದೆ” ಎಂದರು. ಜ್ವರ ಬಿಟ್ಟ ಮೇಲೆ ಬಾಯಿರುಚಿ ಬರಲೆಂದು ಹೇರಳೆಕಾಯಿಯ ಉಪ್ಪಿನಕಾಯಿಯನ್ನು ಗಂಜಿಯೊಂದಿಗೆ ಕೊಡುವ ನಮ್ಮ ಮನೆಯ ಪದ್ಧತಿ ನೆನಪಾಗಿ ಅವರು ಎರಡನೇ ಲೋಟವನ್ನೂ ಹಿಡಿದುಕೊಂಡರು. ಚೀನಾದ ಹುಳಿ ಪ್ಲಮ್ ಪಾನೀಯ ನಮಗಿಬ್ಬರಿಗೂ ಇನ್ನೂ ಹಿಡಿಸಿತು. ಬೆಲ್ಲ ಹಾಕಿದ ಪುನರ್ಪುಳಿ ಪಾನಕಕ್ಕೆ ತುಸು ಹೊಗೆಯ ವಾಸನೆ ಹತ್ತಿದರೆ ಹೇಗಿರುತ್ತದೋ ಹಾಗೆ. ಉಳಿದವು ಬಹುಮಟ್ಟಿಗೆ ಬರೀ ಸಿಹಿ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಜರ್ಮನಿಯ ಮಂಟಪದಲ್ಲಿ ಕ್ಯಾರಮೆಲ್ ಪಾಕ ಸುರಿದ ಪಾಪ್‌ಕಾರ್ನ್ ಮಾರುತ್ತಾರೆ. ಬೆಣ್ಣೆ, ಸಕ್ಕರೆಯ ಘಮಕ್ಕೆ ಮನಸೋತು ಇಬ್ಬರಿಗೂ ಒಂದೊಂದು ಪೊಟ್ಟಣ ಕೊಂಡು ನಡೆಯುತ್ತಲೇ ತಿಂದೆವು. ಅಷ್ಟು ಸಿಹಿಯಾದ ಮೇಲೆ ಜಪಾನಿನ ಅಂಗಡಿಯಲ್ಲಿ ಕೊಂಡ ಕಾಕಿಗೋರಿಯ ರುಚಿಯೇ ನಾಲಿಗೆಗೆ ಹತ್ತಲಿಲ್ಲ. ಕಾಕಿಗೋರಿ ಎಂದರೆ ನುಣ್ಣಗೆ ಹೆರೆದ ಮಂಜುಗಡ್ಡೆಯ ಮೇಲೆ ಹಣ್ಣಿನ ಪಾಕ ಹಾಕಿದ್ದು. ನಮ್ಮ ಜಾತ್ರೆಗಳ ಐಸ್ ಗೋಲಾದಂತೆ ಕಟಕಟ ಎನ್ನದೆ, ತುಟಿಗೆ ತಾಗಿದೊಡನೆ ಕರಗುವುದೇ ಅದರ ಹೆಚ್ಚುಗಾರಿಕೆ, ಮತ್ತು ಅದನ್ನು ತಿಳಿಯಲು ನಾಲಿಗೆ ಖಾಲಿ ಇರಬೇಕು. ಅಮ್ಮ ಚೀಲದಿಂದ ಮೊಸರನ್ನದ ಡಬ್ಬಿ ತೆಗೆದರು. ಗಾಜಿನ ಪಾತ್ರೆ ಮತ್ತು ಮದ್ಯ ಬಿಟ್ಟರೆ ಸ್ವಂತ ಆಹಾರ ಒಯ್ಯಲು ಈ ಪಾರ್ಕಿನಲ್ಲಿ ಅಡ್ಡಿಯಿಲ್ಲ; ಕೌಂಟರುಗಳಲ್ಲಿ ಕೇಳಿದರೆ ತಣ್ಣೀರನ್ನೂ ಉಚಿತವಾಗಿ ಕೊಡುತ್ತಾರೆ. ಮೊಸರನ್ನದ ನಾಲ್ಕು ತುತ್ತು, ಅದರ ಹಿಂದೆ ನೀರು, ಹತ್ತು ನಿಮಿಷ ಕೆರೆಯ ದಡದ ನೆರಳು: ಆಮೇಲೆ ನಾಲಿಗೆ ಮರಳಿ ಬಂತು. ಅಲ್ಲಿಂದ ಮುಂದೆ ಎರಡು ತಿಂಡಿಗಳ ನಡುವೆ ಹೀಗೆಯೇ ಮಾಡಿದೆವು, ಯಾವುದನ್ನೂ ಎರಡು ಕೊಳ್ಳದೆ ಒಂದನ್ನೇ ಹಂಚಿಕೊಂಡೆವು, ಮತ್ತು ಕಹಿ ಹುಳಿಗಳನ್ನು ಮುಂದೆ, ಸಿಹಿಯನ್ನು ಕಡೆಗೆ ಇಟ್ಟುಕೊಂಡೆವು.

ನಾರ್ವೆಯ ಮಂಟಪದ ಕ್ರಿಂಗ್ಲಾ ಬೇಕರಿಯ ‘ಸ್ಕೂಲ್ ಬ್ರೆಡ್’ಗಾಗಿ ನಾವು ಹಿಂದಕ್ಕೆ ನಡೆದು ಹೋದದ್ದು ಸಾರ್ಥಕವಾಯಿತು. ಅಂಗೈಯಷ್ಟು ಅಗಲದ ಮೆತ್ತನೆಯ ಬನ್ನು. ನಡುವಿನ ಕುಳಿಯಲ್ಲಿ ಹಳದಿ ಕಸ್ಟರ್ಡ್, ಸುತ್ತಲೂ ಸಕ್ಕರೆಯ ಲೇಪ, ಅದರ ಮೇಲೆ ಕೆಂಪಗೆ ಹುರಿದ ತೆಂಗಿನ ತುರಿ. ಹಿಟ್ಟಿಗೆ ಏಲಕ್ಕಿ ಹಾಕಿ ನಾದಿರುತ್ತಾರೆ. ನಾರ್ವೆಯಲ್ಲಿ ಶಾಲೆಯ ಮಕ್ಕಳ ಜೊತೆ ಹೆಸರು ಸೇರಿಕೊಂಡ ಈ ತಿಂಡಿಯ ಎರಡು ಮುಖ್ಯ ಪರಿಮಳಗಳು, ಏಲಕ್ಕಿ ಮತ್ತು ತೆಂಗು, ಎರಡೂ ನಮ್ಮ ತೋಟದವು. ಏಲಕ್ಕಿಯ ಮೂಲ ನೆಲೆಯೇ ಪಶ್ಚಿಮ ಘಟ್ಟ. ಕಸ್ಟರ್ಡಿನಲ್ಲಿ ಮೊಟ್ಟೆ ಇದೆಯೆಂದು ಕೇಳಿ ತಿಳಿದ ಕಾರಣ ಅಮ್ಮ ತಿನ್ನಲಿಲ್ಲ. ನಾನು ಬನ್ನನ್ನು ಮುರಿದು ಅವರ ಮೂಗಿನ ಹತ್ತಿರ ಹಿಡಿದೆ. “ನಮ್ಮ ಏಲಕ್ಕಿಯೇ ತಂಗೀ, ಆದರೆ ಪುಡಿ ಮಾಡಿ ಬಹಳ ದಿನವಾಗಿದೆ” ಎಂದರು. ಸಿಪ್ಪೆ ಬಿಡಿಸಿ ಕುಟ್ಟಿದ ಏಲಕ್ಕಿ ಎಷ್ಟು ಬೇಗ ಘಮ ಕಳೆದುಕೊಳ್ಳುತ್ತದೆ ಎಂಬುದು, ಗಾಳಿಯಾಡದ ಡಬ್ಬಿಯಲ್ಲಿ ಕಾಯಿಯಾಗಿಯೇ ಇಟ್ಟು ಬೇಕಾದಾಗ ಕುಟ್ಟುವ ಅವರಿಗೆ ಚೆನ್ನಾಗಿ ಗೊತ್ತು. ಆದರೂ ಎರಡೂ ದಿನದಲ್ಲಿ ನಾನು ತಿಂದವುಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ, ಏಕೆಂದರೆ ಇದನ್ನು ನೋಡಲಿಕ್ಕೆಂದು ಮಾಡಿರಲಿಲ್ಲ, ತಿನ್ನಲಿಕ್ಕೆಂದೇ ಮಾಡಿದ್ದರು.

ಮರುದಿನ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿಗೆ ಹೋದದ್ದು ಮುಖ್ಯವಾಗಿ ನೀಲಿ ಹಾಲಿಗಾಗಿ. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ನಾಯಕನ ಮನೆಯ ಊಟದ ಮೇಜಿನ ಮೇಲೆ ಕಾಣುವ ಪಾನೀಯವನ್ನು, 2019ರ ಆಗಸ್ಟ್‌ನಲ್ಲಿ ಇಲ್ಲಿ ತೆರೆದ ಗ್ಯಾಲಕ್ಸೀಸ್ ಎಡ್ಜ್ ಭಾಗದಲ್ಲಿ ಮಾರುತ್ತಾರೆ. ಹೆಸರು ಹಾಲಾದರೂ ಇದರಲ್ಲಿ ಹಸುವಿನ ಹಾಲಿಲ್ಲ. ತೆಂಗು ಮತ್ತು ಅಕ್ಕಿಯ ಹಾಲನ್ನು ಹಣ್ಣಿನ ಪರಿಮಳದೊಂದಿಗೆ ಅರ್ಧ ಹೆಪ್ಪುಗಟ್ಟಿಸಿ ಕೊಡುತ್ತಾರೆ. ಆ ಬಣ್ಣ ನೋಡಿ ಅಮ್ಮ ಹಿಂಜರಿದರು. ಕಣ್ಣು ಮುಚ್ಚಿ ಕುಡಿಯಿರಿ ಎಂದೆ. ತೆಂಗಿನ ಹಾಲನ್ನು ಅವರು ತಕ್ಷಣ ಗುರುತಿಸಿದರು, ಅಕ್ಕಿಯ ನುಣುಪನ್ನೂ ಗುರುತಿಸಿದರು, ಲೋಟದ ಮುಕ್ಕಾಲು ಭಾಗ ಅವರೇ ಮುಗಿಸಿದರು. ಅದೇ ಅಂಗಡಿಯ ಹಸಿರು ಹಾಲಿನಲ್ಲಿ ಹೂವಿನ ಪರಿಮಳ ಮುಂದೆ ನಿಂತು ರುಚಿ ಹಿಂದೆ ಉಳಿಯುತ್ತದೆ; ಅದನ್ನು ಕುಡಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ತಲಾ 8 ಡಾಲರ್ ದಾಟುವ ಬೆಲೆಗೆ ಒಂದನ್ನೇ ಕೊಳ್ಳುವುದಾದರೆ ನೀಲಿಯೇ ಸಾಕು.

ಊರಿಗೆ ಹೊರಡುವ ಮೊದಲು ಅಮ್ಮ ನಮ್ಮ ಅಡುಗೆಮನೆಯಲ್ಲಿ ಆ ಬನ್ನನ್ನು ಮೊಟ್ಟೆಯಿಲ್ಲದೆ ಮಾಡಿದರು. ಮೆಕ್ಕೆಜೋಳದ ಹಿಟ್ಟಿನಿಂದ ತಯಾರಾಗುವ ಕಸ್ಟರ್ಡ್ ಪುಡಿಯನ್ನು ಹಾಲಿನಲ್ಲಿ ಗಟ್ಟಿಯಾಗಿ ಕಾಸಿ ತಣಿಸಿಟ್ಟರು, ಎರಡು ಬಟ್ಟಲು ಮೈದಾಕ್ಕೆ ಹತ್ತು ಏಲಕ್ಕಿಯನ್ನು ಆಗಲೇ ಕುಟ್ಟಿ ಹಾಕಿದರು. ಮೊದಲ ಸಲ ಬನ್ನಿನೊಂದಿಗೆ ತೆಂಗಿನ ತುರಿಯನ್ನೂ ಒಲೆಗೆ ಇಟ್ಟದ್ದರಿಂದ ಅದು ಕಪ್ಪಾಗಿ ಕಹಿಯಾಯಿತು. ಎರಡನೆಯ ಸಲ ತುರಿಯನ್ನು ಬೇರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಬನ್ನು ಆರಿದ ಮೇಲೆ ಸಕ್ಕರೆ ಲೇಪಿಸಿ ಅದರಲ್ಲಿ ಅದ್ದಿದೆವು. ಹೀಗೆ ಮಾಡಿದ ಎಂಟು ಬನ್ನುಗಳಲ್ಲಿ ಐದನ್ನು ಅಮ್ಮನೇ ತಿಂದರು.